ಯಾವ ದ್ರವ ಬೇಗ ಆವಿಯಾಗುತ್ತದೆ? ಅಣುಗಳ ನಡುವಿನ ಸೆಳೆತವನ್ನು ನೋಡಿ ತೀರ್ಮಾನಿಸುವ ಕ್ರಮ

ಪಿಯುಸಿ ಪರೀಕ್ಷೆ ಹತ್ತಿರವಾದಂತೆ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಮತ್ತು ಮೈಸೂರಿನ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ. ನೀರಿನ ಅಣುತೂಕ 18, ಅಸಿಟೋನಿನದು 58. ಮೂರು ಪಟ್ಟು ಭಾರವಾದ ಅಸಿಟೋನ್ ಅಂಗೈ ಮೇಲೆ ಬಿದ್ದ ಕೂಡಲೇ ಆರಿಹೋಗುವಾಗ, ಅಷ್ಟು ಹಗುರವಾದ ನೀರು ಏಕೆ ಹಾಗೆಯೇ ಉಳಿಯುತ್ತದೆ? ಕೆಲವರು ಇದೇ ಸಂದೇಹವನ್ನು ಎಥನಾಲ್ ಮತ್ತು ಈಥರ್ ಹೆಸರಿನಲ್ಲಿ ಕೇಳುತ್ತಾರೆ, ಕೆಲವರು ಕೊಬ್ಬರಿ ಎಣ್ಣೆಯ ಹೆಸರಿನಲ್ಲಿ ಕೇಳುತ್ತಾರೆ. ಪ್ರತಿಯೊಂದಕ್ಕೂ ಬೇರೆ ಉತ್ತರವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಯಾವ ಎರಡು ದ್ರವಗಳನ್ನು ಕೊಟ್ಟರೂ ಅನುಸರಿಸಬಹುದಾದ ಒಂದು ಕ್ರಮವಿದೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಕೊನೆಯ ಭಾಗದಲ್ಲಿ, ನೀವು ಮಾಡಿದ ತೀರ್ಮಾನವನ್ನು ಮನೆಯಲ್ಲಿಯೇ ಸ್ಟೀಲ್ ತಟ್ಟೆಯ ಮೇಲೆ ಪರೀಕ್ಷಿಸಿ ನೋಡುವ ವಿಧಾನವೂ ಇದೆ.

ಮೊದಲು ಕೆಲವು ಪದಗಳ ಅರ್ಥ

ಬಾಷ್ಪಶೀಲತೆ ಎಂದರೆ ಒಂದು ದ್ರವಕ್ಕೆ ಆವಿಯಾಗಿ ಹೋಗುವ ಪ್ರವೃತ್ತಿ ಎಷ್ಟಿದೆ ಎಂಬುದು. ಇದನ್ನು ಅಳೆಯಲು ಆವಿ ಒತ್ತಡವನ್ನು ಬಳಸುತ್ತಾರೆ. ಮುಚ್ಚಿದ ಬಾಟಲಿಯಲ್ಲಿ ಸ್ವಲ್ಪ ದ್ರವವಿದ್ದರೆ ಅದರ ಒಂದಿಷ್ಟು ಅಣುಗಳು ಮೇಲಿನ ಖಾಲಿ ಜಾಗಕ್ಕೆ ಹಾರುತ್ತವೆ, ಒಂದಿಷ್ಟು ಮತ್ತೆ ದ್ರವಕ್ಕೆ ಮರಳುತ್ತವೆ. ಹೋಗುವ ಲೆಕ್ಕವೂ ಬರುವ ಲೆಕ್ಕವೂ ಸಮನಾದಾಗ ಆ ಆವಿಯು ಬಾಟಲಿಯ ಗೋಡೆಯ ಮೇಲೆ ಹಾಕುವ ಒತ್ತಡವೇ ಆವಿ ಒತ್ತಡ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ನೀರಿಗೆ ಸುಮಾರು 24 ಮಿಲಿಮೀಟರ್ ಪಾದರಸದಷ್ಟು, ಎಥನಾಲಿಗೆ ಸುಮಾರು 59, ಅಸಿಟೋನಿಗೆ ಸುಮಾರು 230, ಡೈಈಥೈಲ್ ಈಥರಿಗೆ 530ಕ್ಕೂ ಹೆಚ್ಚು. ಆವಿ ಒತ್ತಡವು ಸುತ್ತಲಿನ ಗಾಳಿಯ ಒತ್ತಡಕ್ಕೆ ಸಮನಾಗುವ ಉಷ್ಣತೆಯೇ ಕುದಿಯುವ ಬಿಂದು. ಆದ್ದರಿಂದ ಸಾಮಾನ್ಯವಾಗಿ ಕುದಿಯುವ ಬಿಂದು ಕಡಿಮೆಯಿದ್ದಷ್ಟೂ ಬಾಷ್ಪಶೀಲತೆ ಹೆಚ್ಚು. ಈ ಲೇಖನದಲ್ಲಿ ಹೋಲಿಕೆಗೆ ಕುದಿಯುವ ಬಿಂದುವನ್ನೇ ಹೆಚ್ಚಾಗಿ ಬಳಸಿದ್ದೇನೆ.

ಅಂತರಾಣ್ವಿಕ ಬಲ ಎಂದರೆ ಒಂದು ಅಣುವಿಗೂ ಅದರ ಪಕ್ಕದ ಇನ್ನೊಂದು ಅಣುವಿಗೂ ನಡುವೆ ಇರುವ ಸೆಳೆತ. ಒಂದೇ ಅಣುವಿನ ಒಳಗೆ ಪರಮಾಣುಗಳನ್ನು ಜೋಡಿಸಿರುವ ರಾಸಾಯನಿಕ ಬಂಧ ಇದಲ್ಲ. ಈ ವ್ಯತ್ಯಾಸವನ್ನು ಬಿಟ್ಟರೆ ಮುಂದಿನ ಎಲ್ಲವೂ ತಪ್ಪುತ್ತದೆ, ಹಾಗಾಗಿ ಮೊದಲ ಹಂತವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಬೇಕಾಗುವ ವಸ್ತುಗಳು

ತೀರ್ಮಾನಿಸುವುದಕ್ಕೆ ಕಾಗದ, ಪೆನ್ಸಿಲ್ ಮತ್ತು ದ್ರವದ ರಚನಾಸೂತ್ರ ಸಾಕು. ಪರೀಕ್ಷಿಸಿ ನೋಡುವುದಕ್ಕೆ ಒಂದೇ ಅಳತೆಯ ನಾಲ್ಕು ಸ್ಟೀಲ್ ತಟ್ಟೆಗಳು, ಒಂದು ಡ್ರಾಪರ್, ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ (ಇದರಲ್ಲಿ ಮುಖ್ಯವಾಗಿ ಇರುವುದು ಎಥನಾಲ್ ಅಥವಾ ಅದರಂಥ ಆಲ್ಕೋಹಾಲ್), ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್, ಕೊಬ್ಬರಿ ಎಣ್ಣೆ, ನೀರು, ಸ್ವಲ್ಪ ಹತ್ತಿ ಮತ್ತು ಪ್ರಯೋಗಾಲಯದ ಥರ್ಮಾಮೀಟರ್ ಬೇಕು. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದರ ಗುರುತುಗಳು ಆರಂಭವಾಗುವುದೇ 35 ಡಿಗ್ರಿಯ ಆಸುಪಾಸಿನಲ್ಲಿ. ರಿಮೂವರ್ ಕೊಳ್ಳುವಾಗ ಲೇಬಲ್ ಓದಿ. ಅಸಿಟೋನ್ ಇಲ್ಲದ ರಿಮೂವರ್‌ಗಳೂ ಮಾರಾಟದಲ್ಲಿವೆ.

ಹಂತ 1: ಏನು ಬಿಡಿಸಿಕೊಳ್ಳುತ್ತದೆ ಎಂದು ಕೇಳಿಕೊಳ್ಳಿ

ಇಡ್ಲಿ ಪಾತ್ರೆಯ ಮುಚ್ಚಳವನ್ನು ತೆಗೆದು ಅದರ ಒಳಮೈಯನ್ನು ನೋಡಿ. ಅಲ್ಲಿ ಹನಿಹನಿಯಾಗಿ ಕೂತಿರುವುದು ನೀರು. ಕೆಳಗೆ ಕುದಿದು ಆವಿಯಾಗಿ ಮೇಲೇರಿದ್ದೂ ನೀರೇ, ತಣ್ಣಗಾಗಿ ಮುಚ್ಚಳಕ್ಕೆ ಅಂಟಿದ್ದೂ ನೀರೇ. ಎಂದರೆ ಕುದಿಯುವಾಗ ನೀರಿನ ಅಣು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಲಿಲ್ಲ, ಅದು ತನ್ನ ನೆರೆಯ ಅಣುಗಳಿಂದ ಬಿಡಿಸಿಕೊಂಡಿತು ಅಷ್ಟೇ.

ಅಣುವಿನ ಒಳಗಿನ ಆಕ್ಸಿಜನ್–ಹೈಡ್ರೋಜನ್ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 463 ಕಿಲೋಜೂಲ್ ಶಕ್ತಿ ಬೇಕು. ಎರಡು ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧವನ್ನು ಬಿಡಿಸಲು ಸುಮಾರು 20 ಕಿಲೋಜೂಲ್ ಸಾಕು. ಒಲೆಯ ಉರಿ ಮುಗಿಸುವ ಕೆಲಸ ಈ ಎರಡನೆಯದು.

ಎಚ್ಚರಿಕೆ: "ನೀರಿನಲ್ಲಿ ಕೋವೇಲೆಂಟ್ ಬಂಧ ಬಲವಾಗಿರುವುದರಿಂದ ಅದು ನಿಧಾನವಾಗಿ ಆವಿಯಾಗುತ್ತದೆ" ಎಂಬ ವಾಕ್ಯವನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಕೇಳಲು ಸರಿಯೆನಿಸಿದರೂ ಅದು ಪೂರ್ತಿ ತಪ್ಪು. ಮಿಥೇನಿನ ಒಳಗಿನ ಬಂಧಗಳೂ ಗಟ್ಟಿಯಾಗಿಯೇ ಇವೆ, ಆದರೆ ಅದು ಸೊನ್ನೆಗಿಂತ 161 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ.

ಹಂತ 2: ರಚನೆಯನ್ನು ಬಿಡಿಸಿ, ಯಾವ ಯಾವ ಸೆಳೆತಗಳಿವೆ ಎಂದು ಗುರುತು ಹಾಕಿ

ಸೂತ್ರವನ್ನು ಮಾತ್ರ ನೋಡಿ ಉತ್ತರಕ್ಕೆ ಹಾರಬೇಡಿ. ಅಣುವಿನ ಚಿತ್ರವನ್ನು ಬಿಡಿಸಿ. ಆಮೇಲೆ ಈ ಮೂರು ಬಗೆಗಳಲ್ಲಿ ಯಾವುದೆಲ್ಲ ಅದಕ್ಕೆ ಅನ್ವಯಿಸುತ್ತದೆ ಎಂದು ನೋಡಿ.

ಮೊದಲನೆಯದು ಪ್ರಸರಣ ಬಲ. ಅಣುವಿನೊಳಗಿನ ಎಲೆಕ್ಟ್ರಾನುಗಳು ಒಂದೆಡೆ ನಿಂತಿರುವುದಿಲ್ಲ. ಯಾವುದೋ ಒಂದು ಕ್ಷಣದಲ್ಲಿ ಅವು ಒಂದು ಬದಿಗೆ ಸ್ವಲ್ಪ ಹೆಚ್ಚಾಗಿ ಸರಿದರೆ ಆ ಬದಿ ಋಣ, ಇನ್ನೊಂದು ಬದಿ ಧನವಾಗುತ್ತದೆ. ಆ ಕ್ಷಣದ ಅಸಮತೋಲವು ಪಕ್ಕದ ಅಣುವಿನ ಎಲೆಕ್ಟ್ರಾನುಗಳನ್ನೂ ಅಲುಗಿಸುತ್ತದೆ, ಎರಡೂ ಒಂದನ್ನೊಂದು ಸೆಳೆಯುತ್ತವೆ. ಫ್ರಿಟ್ಸ್ ಲಂಡನ್ ಎಂಬ ಭೌತವಿಜ್ಞಾನಿ 1930ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಲಂಡನ್ ಬಲ ಎಂಬ ಹೆಸರೂ ಇದೆ. ಇದು ಎಲ್ಲ ಅಣುಗಳಲ್ಲಿಯೂ ಇರುತ್ತದೆ. ಹೈಡ್ರೋಜನ್ ಬಂಧವಿರುವ ಅಣುವಿನಲ್ಲಿಯೂ ಇದು ಇದ್ದೇ ಇರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಎರಡನೆಯದು ದ್ವಿಧ್ರುವ ಸೆಳೆತ. ಕೆಲವು ಅಣುಗಳಲ್ಲಿ ಒಂದು ತುದಿ ಸದಾ ಸ್ವಲ್ಪ ಋಣ, ಇನ್ನೊಂದು ತುದಿ ಸದಾ ಸ್ವಲ್ಪ ಧನವಾಗಿರುತ್ತದೆ. ಇಂಥವನ್ನು ಧ್ರುವೀಯ ಅಣುಗಳು ಎನ್ನುತ್ತೇವೆ. ಒಂದರ ಋಣ ತುದಿ ಇನ್ನೊಂದರ ಧನ ತುದಿಯನ್ನು ಎಳೆದುಕೊಳ್ಳುತ್ತದೆ. ಈ ಬಲವನ್ನೂ ಪ್ರಸರಣ ಬಲವನ್ನೂ ಒಟ್ಟಾಗಿ ವಾನ್ ಡರ್ ವಾಲ್ಸ್ ಬಲಗಳು ಎಂದು ಕರೆಯುವುದು ವಾಡಿಕೆ.

ಮೂರನೆಯದು ಹೈಡ್ರೋಜನ್ ಬಂಧ. ಹೆಸರಿನಲ್ಲಿ ಬಂಧ ಎಂದಿದ್ದರೂ ಇದು ಅಣುಗಳ ನಡುವಿನ ಸೆಳೆತವೇ. ನೈಟ್ರೋಜನ್, ಆಕ್ಸಿಜನ್ ಅಥವಾ ಫ್ಲೋರಿನ್‌ಗೆ ನೇರವಾಗಿ ಅಂಟಿಕೊಂಡಿರುವ ಹೈಡ್ರೋಜನ್ ಇರಬೇಕು, ಅದನ್ನು ಸೆಳೆದುಕೊಳ್ಳಲು ಪಕ್ಕದ ಅಣುವಿನಲ್ಲಿ ಇದೇ ಮೂರರಲ್ಲಿ ಒಂದರ ಮೇಲೆ ಬಂಧದಲ್ಲಿ ತೊಡಗದ ಎಲೆಕ್ಟ್ರಾನ್ ಜೋಡಿ ಇರಬೇಕು. ಎರಡೂ ಇದ್ದರೆ ಮಾತ್ರ ಶುದ್ಧ ದ್ರವದೊಳಗೆ ಈ ಬಂಧ ಏರ್ಪಡುತ್ತದೆ.

ಹಂತ 3: ಗಾತ್ರವನ್ನು ಹೋಲಿಸಿ

ಒಂದೇ ಕುಟುಂಬದ ದ್ರವಗಳಾದರೆ ಕೆಲಸ ಸುಲಭ. ಪೆಂಟೇನ್ 36 ಡಿಗ್ರಿಯಲ್ಲಿ ಕುದಿಯುತ್ತದೆ, ಹೆಕ್ಸೇನ್ 69ರಲ್ಲಿ, ಹೆಪ್ಟೇನ್ 98ರಲ್ಲಿ, ಆಕ್ಟೇನ್ 126ರಲ್ಲಿ. ಇವುಗಳಲ್ಲಿ ಹೈಡ್ರೋಜನ್ ಬಂಧವಿಲ್ಲ, ಗಣನೆಗೆ ಬರುವಷ್ಟು ದ್ವಿಧ್ರುವವೂ ಇಲ್ಲ. ಸರಪಳಿ ಉದ್ದವಾದಂತೆ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆ, ಅಣುಗಳು ಒಂದಕ್ಕೊಂದು ತಾಗುವ ಮೈಯೂ ಹೆಚ್ಚುತ್ತದೆ, ಅದರಿಂದ ಪ್ರಸರಣ ಬಲ ಬೆಳೆಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ನಿಂತರೆ ಮೂಗಿಗೆ ಬಡಿಯುವಷ್ಟು ಪೆಟ್ರೋಲಿನ ಆವಿ ಇರುತ್ತದೆ. ಡೀಸೆಲಿನ ವಾಸನೆ ಅಷ್ಟು ಏಳುವುದಿಲ್ಲ. ಮೇಣದ ಬತ್ತಿಯ ಮೇಣವಂತೂ ಘನವಾಗಿಯೇ ಉಳಿಯುತ್ತದೆ. ಮೂರರಲ್ಲಿಯೂ ಮುಖ್ಯವಾಗಿ ಇರುವುದು ಇಂಗಾಲ ಮತ್ತು ಹೈಡ್ರೋಜನ್‌ಗಳ ಸಂಯುಕ್ತಗಳೇ, ವ್ಯತ್ಯಾಸವಿರುವುದು ಅಣುಗಳ ಗಾತ್ರದಲ್ಲಿ.

ಹ್ಯಾಲೊಜನ್‌ಗಳ ಸಾಲು ಇನ್ನೂ ಸ್ಪಷ್ಟ. ಕ್ಲೋರಿನ್ ಸೊನ್ನೆಗಿಂತ 34 ಡಿಗ್ರಿ ಕೆಳಗೆ ಕುದಿಯುವುದರಿಂದ ನಮ್ಮ ಕೋಣೆಯಲ್ಲಿ ಅನಿಲ. ಬ್ರೋಮಿನ್ 59 ಡಿಗ್ರಿಯಲ್ಲಿ ಕುದಿಯುವುದರಿಂದ ದ್ರವ. ಅಯೋಡಿನ್ 184ರಲ್ಲಿ ಕುದಿಯುವ ವಸ್ತು, ಹಾಗಾಗಿ ಘನ.

ಎಚ್ಚರಿಕೆ: ಇಲ್ಲಿ ತೂಕವೇ ಕಾರಣ ಎಂದು ಬರೆಯಬೇಡಿ. ಭೂಮಿಯ ಗುರುತ್ವ ಅಣುವನ್ನು ಕೆಳಕ್ಕೆ ಎಳೆದು ಹಿಡಿಯುವುದರಿಂದ ಭಾರವಾದದ್ದು ಹಾರುವುದಿಲ್ಲ ಎಂಬ ಕಲ್ಪನೆ ಅನೇಕರ ಮನಸ್ಸಿನಲ್ಲಿದೆ. ಅಣುವಿನ ಮಟ್ಟದಲ್ಲಿ ಗುರುತ್ವದ ಪಾತ್ರ ಲೆಕ್ಕಕ್ಕೇ ಬರುವುದಿಲ್ಲ. ಅಣುತೂಕ ಹೆಚ್ಚಿದಾಗ ಸಾಮಾನ್ಯವಾಗಿ ಎಲೆಕ್ಟ್ರಾನುಗಳೂ ಹೆಚ್ಚುತ್ತವೆ, ಅಲುಗುವ ಎಲೆಕ್ಟ್ರಾನುಗಳು ಹೆಚ್ಚಿದಷ್ಟೂ ಸೆಳೆತ ಹೆಚ್ಚುತ್ತದೆ. ಬರೆಯಬೇಕಾದ ಕಾರಣ ಅದು.

ಹಂತ 4: ಆಕಾರವನ್ನು ನೋಡಿ

ಪೆಂಟೇನಿಗೆ ಮೂರು ರೂಪಗಳಿವೆ, ಮೂರಕ್ಕೂ ಒಂದೇ ಅಣುಸೂತ್ರ. ನೇರ ಸರಪಳಿಯ ಪೆಂಟೇನ್ 36 ಡಿಗ್ರಿಯಲ್ಲಿ, ಒಂದು ಕವಲಿರುವ ಐಸೋಪೆಂಟೇನ್ 28ರಲ್ಲಿ, ಚೆಂಡಿನಂತೆ ದುಂಡಗಿರುವ ನಿಯೋಪೆಂಟೇನ್ 9.5ರಲ್ಲಿ ಕುದಿಯುತ್ತವೆ. ಕಬ್ಬಿನ ಜಲ್ಲೆಗಳನ್ನು ಕಟ್ಟಿ ಹೊರೆ ಮಾಡಿದಾಗ ಅವು ಉದ್ದಕ್ಕೂ ಒಂದನ್ನೊಂದು ಒತ್ತಿಕೊಂಡಿರುತ್ತವೆ, ಬುಟ್ಟಿಯಲ್ಲಿ ತುಂಬಿದ ನಿಂಬೆಹಣ್ಣುಗಳು ಅಲ್ಲಲ್ಲಿ ಒಂದೊಂದು ಚುಕ್ಕೆಯಷ್ಟೇ ತಾಗುತ್ತವೆ. ತಾಗುವ ಮೈ ಕಡಿಮೆಯಾದರೆ ಸೆಳೆತವೂ ಕಡಿಮೆ. ಕವಲು ಹೆಚ್ಚಾದಷ್ಟೂ ಬಾಷ್ಪಶೀಲತೆ ಹೆಚ್ಚು ಎಂದು ಈ ಹಂತದಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗಿ.

ಹಂತ 5: ಧ್ರುವೀಯತೆ ಉಳಿಯುತ್ತದೆಯೋ ರದ್ದಾಗುತ್ತದೆಯೋ ನೋಡಿ

ಬ್ಯುಟೇನಿನ ಅಣುತೂಕ 58, ಅಸಿಟೋನಿನದೂ 58. ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಕುದಿಯುತ್ತದೆ, ಅಸಿಟೋನ್ ಕುದಿಯಲು 56 ಡಿಗ್ರಿ ಬೇಕು. ಗಾತ್ರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ಅಂತರಕ್ಕೆ ಅಸಿಟೋನಿನ ಇಂಗಾಲ–ಆಕ್ಸಿಜನ್ ದ್ವಿಬಂಧದ ಧ್ರುವೀಯತೆಯೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಧ್ರುವೀಯ ಬಂಧಗಳಿದ್ದ ಮಾತ್ರಕ್ಕೆ ಅಣು ಧ್ರುವೀಯವಾಗುವುದಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ನಾಲ್ಕು ಕ್ಲೋರಿನ್‌ಗಳು ನಾಲ್ಕು ದಿಕ್ಕಿಗೆ ಸಮನಾಗಿ ಎಳೆಯುವುದರಿಂದ ಒಟ್ಟು ಪರಿಣಾಮ ಸೊನ್ನೆ. ಕ್ಲೋರೋಫಾರ್ಮಿನಲ್ಲಿ ಒಂದು ಕ್ಲೋರಿನ್‌ನ ಜಾಗದಲ್ಲಿ ಹೈಡ್ರೋಜನ್ ಇರುವುದರಿಂದ ಅದು ಧ್ರುವೀಯ.

ಈಗ ಈ ಎರಡರಲ್ಲಿ ಯಾವುದು ಬೇಗ ಆವಿಯಾಗುತ್ತದೆ? ಧ್ರುವೀಯವಾದ ಕ್ಲೋರೋಫಾರ್ಮ್ ಹೆಚ್ಚು ಗಟ್ಟಿಯಾಗಿ ಹಿಡಿದುಕೊಂಡಿರಬೇಕು ಎಂದು ನೀವು ಊಹಿಸಿದರೆ ಉತ್ತರ ತಪ್ಪುತ್ತದೆ. ಕ್ಲೋರೋಫಾರ್ಮ್ 61 ಡಿಗ್ರಿಯಲ್ಲಿ ಕುದಿಯುತ್ತದೆ, ಕಾರ್ಬನ್ ಟೆಟ್ರಾಕ್ಲೋರೈಡ್ ಸುಮಾರು 77ರಲ್ಲಿ. ಹೆಚ್ಚಿನ ಒಂದು ಕ್ಲೋರಿನ್ ತಂದ ಪ್ರಸರಣ ಬಲವು ಕ್ಲೋರೋಫಾರ್ಮಿನ ಧ್ರುವೀಯತೆಯನ್ನು ಮೀರಿಸಿತು. ಗೈಡುಗಳಲ್ಲಿ "ಹೈಡ್ರೋಜನ್ ಬಂಧ ಎಲ್ಲಕ್ಕಿಂತ ಬಲ, ಆಮೇಲೆ ದ್ವಿಧ್ರುವ, ಕೊನೆಗೆ ಪ್ರಸರಣ ಬಲ" ಎಂಬ ಒಂದು ಸಾಲನ್ನು ಅಚ್ಚು ಹಾಕಿ ಬಿಡುತ್ತಾರೆ. ಮಕ್ಕಳಿಗೆ ಈ ವಿಷಯದಲ್ಲಿ ಅತಿ ಹೆಚ್ಚು ತೊಂದರೆ ಕೊಟ್ಟಿರುವುದು ಈ ಸಾಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಾತ್ರ ಸಮನಾಗಿರುವ ಅಣುಗಳನ್ನು ಹೋಲಿಸುವಾಗ ಮಾತ್ರ ಅದು ಸರಿ. ಗಾತ್ರ ಬೇರೆಯಾದ ಕೂಡಲೇ ಅದನ್ನು ಕೈಬಿಡಬೇಕು.

ಕೊಬ್ಬರಿ ಎಣ್ಣೆಯೇ ಇದಕ್ಕೆ ಸಾಕ್ಷಿ. ಅದರ ಅಣುವಿನಲ್ಲಿ ಆಕ್ಸಿಜನ್‌ಗೆ ಅಂಟಿದ ಹೈಡ್ರೋಜನ್ ಒಂದೂ ಇಲ್ಲ, ಹಾಗಾಗಿ ತಮ್ಮತಮ್ಮಲ್ಲಿ ಹೈಡ್ರೋಜನ್ ಬಂಧವೂ ಇಲ್ಲ. ಆದರೂ ತಲೆಗೆ ಹಚ್ಚಿದ ಎಣ್ಣೆ ಬಿಸಿಲಿಗೆ ಹಾರಿಹೋಗುವುದಿಲ್ಲ. ಗ್ಲಿಸರಾಲಿನ ಬೆನ್ನೆಲುಬಿಗೆ ಮೂರು ಉದ್ದನೆಯ ಕೊಬ್ಬಿನಾಮ್ಲದ ಸರಪಳಿಗಳು ಜೋಡಿಕೊಂಡು, ಅಣುತೂಕ 600ರ ಆಸುಪಾಸಿಗೆ ಮುಟ್ಟುವ ಆ ದೊಡ್ಡ ಅಣುವನ್ನು ಮುಖ್ಯವಾಗಿ ಪ್ರಸರಣ ಬಲವೇ ಹಿಡಿದಿಟ್ಟಿದೆ.

ಹಂತ 6: ಹೈಡ್ರೋಜನ್ ಬಂಧಗಳನ್ನು ಎಣಿಸಿ

ಇದೆಯೇ ಇಲ್ಲವೇ ಎಂದಷ್ಟೇ ನೋಡಿ ಬಿಡದೆ, ಒಂದು ಅಣು ಎಷ್ಟು ಬಂಧಗಳನ್ನು ಕಟ್ಟಬಲ್ಲದು ಎಂದು ಎಣಿಸಬೇಕು. ಹೆಚ್ಚುಕಡಿಮೆ ಒಂದೇ ತೂಕದ ಈ ಸಾಲನ್ನು ಗಮನಿಸಿ. ಬ್ಯುಟೇನ್ ಅಣುತೂಕ 58, ಹೈಡ್ರೋಜನ್ ಬಂಧವಿಲ್ಲ, ಕುದಿಯುವುದು ಸೊನ್ನೆಯ ಹತ್ತಿರ. ಪ್ರೊಪನಾಲ್ ಅಣುತೂಕ 60, ಆಕ್ಸಿಜನ್–ಹೈಡ್ರೋಜನ್ ಗುಂಪು ಒಂದು, ಕುದಿಯುವುದು 97ರಲ್ಲಿ. ಎಥಿಲೀನ್ ಗ್ಲೈಕಾಲ್ ಅಣುತೂಕ 62, ಅಂಥ ಗುಂಪು ಎರಡು, ಕುದಿಯುವುದು 197ರಲ್ಲಿ. ಇದಕ್ಕಿಂತ ಸ್ವಲ್ಪ ದೊಡ್ಡದಾದ ಗ್ಲಿಸರಾಲಿನಲ್ಲಿ ಗುಂಪುಗಳು ಮೂರು, ಅದು ಕುದಿಯಬೇಕಾದರೆ 290 ಡಿಗ್ರಿ ಬೇಕು. ಔಷಧದ ಅಂಗಡಿಯ ಗ್ಲಿಸರಿನ್ ಬಾಟಲಿಯನ್ನು ಓರೆ ಮಾಡಿದಾಗ ಅದು ಜೇನಿನಂತೆ ನಿಧಾನವಾಗಿ ಜಾರುವುದೂ ಇದೇ ಹೆಣಿಗೆಯಿಂದ.

ಎಥನಾಲ್ ಮತ್ತು ಡೈಮಿಥೈಲ್ ಈಥರ್‌ಗಳಿಗೆ ಅಣುಸೂತ್ರ ಒಂದೇ, ತೂಕ 46. ಎಥನಾಲಿನಲ್ಲಿ ಹೈಡ್ರೋಜನ್ ಒಂದು ಆಕ್ಸಿಜನ್‌ಗೆ ಅಂಟಿದೆ, ಅದು 78 ಡಿಗ್ರಿಯಲ್ಲಿ ಕುದಿಯುತ್ತದೆ. ಈಥರಿನಲ್ಲಿ ಎಲ್ಲ ಹೈಡ್ರೋಜನ್‌ಗಳೂ ಇಂಗಾಲಕ್ಕೆ ಅಂಟಿವೆ, ಅದು ಸೊನ್ನೆಗಿಂತ ಸುಮಾರು 24 ಡಿಗ್ರಿ ಕೆಳಗೇ ಕುದಿಯುತ್ತದೆ. ಒಂದು ಹೈಡ್ರೋಜನ್ ಕೂತ ಜಾಗ ಬದಲಾದದ್ದಕ್ಕೆ ನೂರು ಡಿಗ್ರಿಗೂ ಮೀರಿದ ಅಂತರ. ರಚನೆಯ ಚಿತ್ರ ಬಿಡಿಸದೆ ಉತ್ತರ ಬರೆಯಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಈ ಹಂತದಲ್ಲಿ ವಿದ್ಯಾರ್ಥಿಗಳು ಎಡವುವ ಜಾಗಗಳು ಮೂರು.

ಮೊದಲನೆಯದಾಗಿ, ಅಸಿಟೋನಿನಲ್ಲಿ ಆಕ್ಸಿಜನ್ನೂ ಇದೆ, ಹೈಡ್ರೋಜನ್ನೂ ಇದೆ ಎಂದು ಹೈಡ್ರೋಜನ್ ಬಂಧವನ್ನು ಬರೆದುಬಿಡುತ್ತಾರೆ. ಅದರ ಆರು ಹೈಡ್ರೋಜನ್‌ಗಳೂ ಇಂಗಾಲಕ್ಕೆ ಅಂಟಿರುವುದರಿಂದ ಅಸಿಟೋನ್ ತನ್ನಂಥದೇ ಇನ್ನೊಂದು ಅಣುವಿನೊಡನೆ ಅಂಥ ಬಂಧ ಕಟ್ಟಲಾರದು. ನೀರು ಕೊಡುವ ಹೈಡ್ರೋಜನ್ ಅನ್ನು ಅದರ ಆಕ್ಸಿಜನ್ ಸ್ವೀಕರಿಸಬಲ್ಲದು, ಆದ್ದರಿಂದ ನೀರಿನಲ್ಲಿ ಬೆರೆಯುತ್ತದೆ. ಬೆರೆಯುವುದು ಬೇರೆ, ಶುದ್ಧ ದ್ರವವಾಗಿ ಆವಿಯಾಗುವುದು ಬೇರೆ.

ಎರಡನೆಯದಾಗಿ, ಹೈಡ್ರೋಜನ್ ಫ್ಲೋರೈಡಿನ ಲೆಕ್ಕ. ಫ್ಲೋರಿನ್ ಎಲೆಕ್ಟ್ರಾನುಗಳನ್ನು ಆಕ್ಸಿಜನ್‌ಗಿಂತ ಜೋರಾಗಿ ಎಳೆಯುತ್ತದೆ, ಅಲ್ಲಿನ ಒಂದೊಂದು ಹೈಡ್ರೋಜನ್ ಬಂಧವೂ ನೀರಿನದಕ್ಕಿಂತ ಬಲ. ಹಾಗಿದ್ದರೂ ಅದು 19.5 ಡಿಗ್ರಿಯಲ್ಲೇ ಕುದಿಯುತ್ತದೆ, ನೀರು 100ರವರೆಗೆ ತಡೆಯುತ್ತದೆ. ನೀರಿನ ಅಣುವಿನಲ್ಲಿ ಕೊಡಲು ಎರಡು ಹೈಡ್ರೋಜನ್‌ಗಳು, ಪಡೆಯಲು ಎರಡು ಎಲೆಕ್ಟ್ರಾನ್ ಜೋಡಿಗಳು ಇರುವುದರಿಂದ ಅದು ನಾಲ್ಕು ನೆರೆಯವರ ಕೈ ಹಿಡಿಯಬಲ್ಲದು. ಹೈಡ್ರೋಜನ್ ಫ್ಲೋರೈಡಿಗೆ ಕೊಡಲು ಇರುವುದು ಒಂದೇ ಹೈಡ್ರೋಜನ್. ಅದು ಸರಪಳಿಯಂತೆ ಸಾಲಾಗುತ್ತದೆಯೇ ಹೊರತು ಬಲೆಯಂತೆ ಹೆಣೆದುಕೊಳ್ಳುವುದಿಲ್ಲ.

ಮೂರನೆಯದಾಗಿ, ಬಂಧ ಹೊರಗೆ ಹೋಗದೆ ಒಳಗೇ ಮುಗಿದುಹೋಗುವ ಸಂದರ್ಭ. ಆರ್ಥೋ ನೈಟ್ರೋಫೀನಾಲಿನಲ್ಲಿ ಹೈಡ್ರೋಜನ್ ಕೊಡುವ ಗುಂಪೂ ಅದನ್ನು ಪಡೆಯುವ ನೈಟ್ರೋ ಗುಂಪೂ ಪಕ್ಕಪಕ್ಕದಲ್ಲೇ ಇರುವುದರಿಂದ ಅಣು ತನ್ನೊಳಗೇ ಬಂಧ ಕಟ್ಟಿಕೊಂಡುಬಿಡುತ್ತದೆ, ನೆರೆಯ ಅಣುವಿಗೆ ಉಳಿಯುವುದು ಕಡಿಮೆ. ಪ್ಯಾರಾ ರೂಪದಲ್ಲಿ ಆ ಗುಂಪುಗಳು ಎದುರುಬದುರು ತುದಿಗಳಲ್ಲಿರುವುದರಿಂದ ನೆರೆಯ ಅಣುವನ್ನೇ ಹಿಡಿಯಬೇಕು. ಆರ್ಥೋ ಕುದಿಯುವುದು ಸುಮಾರು 216ರಲ್ಲಿ, ಪ್ಯಾರಾ ಸುಮಾರು 279ರಲ್ಲಿ. ಎರಡನ್ನೂ ಬೇರ್ಪಡಿಸಲು ನೀರಾವಿ ಬಟ್ಟಿಯನ್ನು ಬಳಸುತ್ತಾರೆ, ಆರ್ಥೋ ಆವಿಯ ಜೊತೆ ಹೊರಡುತ್ತದೆ, ಪ್ಯಾರಾ ಪಾತ್ರೆಯಲ್ಲೇ ಉಳಿಯುತ್ತದೆ.

ಹಂತ 7: ಎಲ್ಲವನ್ನೂ ಕೂಡಿಸಿ ಕ್ರಮಾಂಕ ಕೊಡಿ

ಒಂದು ಉದಾಹರಣೆಯನ್ನು ಪೂರ್ತಿ ಮಾಡೋಣ. ಡೈಈಥೈಲ್ ಈಥರ್, ಹೆಕ್ಸೇನ್, ಎಥನಾಲ್, ನೀರು, ಗ್ಲಿಸರಾಲ್ ಇವುಗಳನ್ನು ಬಾಷ್ಪಶೀಲತೆಯ ಇಳಿಕೆಯ ಕ್ರಮದಲ್ಲಿ ಜೋಡಿಸಬೇಕು. ಈಥರ್ ಮತ್ತು ಹೆಕ್ಸೇನ್‌ಗಳಲ್ಲಿ ಹೈಡ್ರೋಜನ್ ಬಂಧವಿಲ್ಲ. ಈಥರ್ ಚಿಕ್ಕದು, ಅದರ ಧ್ರುವೀಯತೆಯೂ ಅಲ್ಪ, ಹಾಗಾಗಿ ಅದು ಮೊದಲು, ಹೆಕ್ಸೇನ್ ಎರಡನೆಯದು. ಉಳಿದ ಮೂರರಲ್ಲಿ ಎಥನಾಲಿಗೆ ಕೊಡಲು ಒಂದು ಹೈಡ್ರೋಜನ್, ನೀರಿಗೆ ಎರಡು, ಗ್ಲಿಸರಾಲಿಗೆ ಮೂರು, ಜೊತೆಗೆ ಗ್ಲಿಸರಾಲಿನ ಗಾತ್ರವೂ ದೊಡ್ಡದು. ಕುದಿಯುವ ಬಿಂದುಗಳು 35, 69, 78, 100, 290. ನಮ್ಮ ತರ್ಕ ಹೊಂದಿತು.

ಆದರೆ ಹೆಕ್ಸೇನಿಗೂ ಎಥನಾಲಿಗೂ ಅಂತರ ಬರೀ ಒಂಬತ್ತು ಡಿಗ್ರಿ ಎಂಬುದನ್ನು ನೋಡಿ. ಹೆಕ್ಸೇನಿನ ಜಾಗದಲ್ಲಿ ಆಕ್ಟೇನ್ ಕೊಟ್ಟಿದ್ದರೆ ಅದು ನೀರನ್ನೂ ದಾಟಿ 126ಕ್ಕೆ ಹೋಗುತ್ತಿತ್ತು. ಗಾತ್ರದಲ್ಲಿ ಒಂದು ದೊಡ್ಡದು, ಹೈಡ್ರೋಜನ್ ಬಂಧದಲ್ಲಿ ಇನ್ನೊಂದು ಮುಂದು ಎಂಬಂಥ ಜೋಡಿ ಬಂದಾಗ ತರ್ಕದಿಂದ ಮಾತ್ರ ಖಚಿತವಾಗಿ ಹೇಳಲಾಗದು, ಕೋಷ್ಟಕವನ್ನು ನೋಡಲೇಬೇಕು. ಒಳ್ಳೆಯ ಪ್ರಶ್ನೆಪತ್ರಿಕೆಗಳು ಅಂಥ ಜೋಡಿಯನ್ನು ಕುದಿಯುವ ಬಿಂದು ಕೊಟ್ಟೇ ಕೇಳುತ್ತವೆ.

ಹಂತ 8: ತಟ್ಟೆಯ ಮೇಲೆ ಪರೀಕ್ಷಿಸಿ

ಸ್ಪಿರಿಟ್ ಮತ್ತು ಅಸಿಟೋನ್ ಎರಡೂ ಥಟ್ಟನೆ ಬೆಂಕಿ ಹಿಡಿಯುವ ದ್ರವಗಳು, ಅವುಗಳ ಆವಿ ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹರಡುತ್ತದೆ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ, ಊದುಬತ್ತಿ ಉರಿಯುವ ಕೋಣೆಯಲ್ಲಿ ಈ ಪ್ರಯೋಗವನ್ನು ಮಾಡಲೇಬಾರದು. ಕಿಟಕಿಗಳನ್ನು ತೆರೆದಿಡಿ, ಚಿಕ್ಕ ಮಕ್ಕಳಿದ್ದರೆ ದೊಡ್ಡವರೊಬ್ಬರು ಜೊತೆಗಿರಬೇಕು. ಪೆಟ್ರೋಲ್ ಅಥವಾ ಈಥರ್ ತಂದು ಮನೆಯಲ್ಲಿ ಪ್ರಯತ್ನಿಸಬೇಡಿ.

ನಾಲ್ಕು ತಟ್ಟೆಗಳನ್ನು ಒರೆಸಿ ಒಣಗಿಸಿ, ಒಂದೊಂದರ ಮೇಲೆ ಒಂದೊಂದು ದ್ರವದ ಐದೈದು ಹನಿಗಳನ್ನು ಹಾಕಿ, ಪ್ರತಿಯೊಂದನ್ನೂ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹರಡಿ. ಅಸಿಟೋನಿನ ತಟ್ಟೆಯನ್ನು ಹತ್ತಿರದಿಂದ ನೋಡಿ. ಹನಿಯ ಅಂಚು ಒಳಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತದೆ, ಅದು ಸರಿದ ಜಾಗದಲ್ಲಿ ತಟ್ಟೆ ಕೆಲವೊಮ್ಮೆ ಕ್ಷಣಕಾಲ ಮಂಜು ಹಿಡಿದಂತೆ ಮಸುಕಾಗುತ್ತದೆ. ಆ ಮಸುಕು ಅಸಿಟೋನ್ ಅಲ್ಲ, ತಣ್ಣಗಾದ ಲೋಹದ ಮೇಲೆ ಕೂತ ಗಾಳಿಯ ತೇವ. ಅಸಿಟೋನ್ ಮೊದಲು, ಸ್ಪಿರಿಟ್ ಆಮೇಲೆ, ನೀರು ಬಹಳ ತಡವಾಗಿ ಆರುತ್ತದೆ. ಕೊಬ್ಬರಿ ಎಣ್ಣೆ ಮರುದಿನ ನೋಡಿದರೂ ಇದ್ದಲ್ಲೇ ಇರುತ್ತದೆ.

ಎರಡನೆಯ ಭಾಗದಲ್ಲಿ ಥರ್ಮಾಮೀಟರಿನ ಬುಡಕ್ಕೆ ತೆಳುವಾಗಿ ಹತ್ತಿ ಸುತ್ತಿ, ದ್ರವದಲ್ಲಿ ಅದ್ದಿ, ಗಾಳಿಯಲ್ಲಿ ಹಿಡಿದು ಉಷ್ಣತೆ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಬರೆದುಕೊಳ್ಳಿ. ಸೆಳೆತವನ್ನು ಮೀರಿ ಹೊರಬೀಳುವುದು ಹೆಚ್ಚು ಶಕ್ತಿಯುಳ್ಳ ಅಣುಗಳಾದ್ದರಿಂದ ಹಿಂದೆ ಉಳಿಯುವ ದ್ರವ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಂಪಾಗುವುದು ಹೀಗೆಯೇ.

ಇಲ್ಲಿ ಒಂದು ಗೊಂದಲ ಸಹಜವಾಗಿ ಹುಟ್ಟುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖವನ್ನು ಹೀರುತ್ತದೆ, ಎಥನಾಲ್ ಸುಮಾರು 850, ಅಸಿಟೋನ್ ಸುಮಾರು 520 ಮಾತ್ರ. ಇವು ಆಯಾ ದ್ರವದ ಕುದಿಯುವ ಬಿಂದುವಿನಲ್ಲಿನ ಲೆಕ್ಕ. ಹಾಗಾದರೆ ನೀರೇ ಹೆಚ್ಚು ತಂಪು ಕೊಡಬೇಕಲ್ಲವೇ? ಒಂದು ಗ್ರಾಮಿಗೆ ನೀರೇ ಹೆಚ್ಚು ಶಾಖ ಹೀರುತ್ತದೆ ಎಂಬುದು ನಿಜ. ಆದರೆ ಅಸಿಟೋನ್ ಒಂದು ನಿಮಿಷದಲ್ಲಿ ಹಾರಿಹೋಗುವ ಪ್ರಮಾಣ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಬೆರಳಿಗೆ ತಗಲುವ ಚಳಿ ಅದರದೇ ಹೆಚ್ಚು.

ಫಲಿತಾಂಶ ಕೆಡುವ ಕಾರಣಗಳಲ್ಲಿ ಮೊದಲನೆಯದು ಫ್ಯಾನು. ಒಂದು ತಟ್ಟೆಗೆ ಗಾಳಿ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಸಿದರೆ ಹೋಲಿಕೆಗೆ ಅರ್ಥವಿಲ್ಲ. ಎರಡನೆಯದು ಹವೆಯ ತೇವ. ಮೈಸೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ನೀರಿನ ಹನಿ ಆರುವಷ್ಟು ಬೇಗ ಆಷಾಢದ ಜಿಟಿಜಿಟಿ ಮಳೆಯಲ್ಲಿ ಆರುವುದಿಲ್ಲ, ಏಕೆಂದರೆ ಗಾಳಿಯಲ್ಲಿ ಆಗಲೇ ಇರುವ ನೀರಾವಿಯ ಅಣುಗಳು ಹನಿಗೆ ಮರಳುತ್ತಲೇ ಇರುತ್ತವೆ. ಅಸಿಟೋನಿಗೆ ಈ ಅಡ್ಡಿಯಿಲ್ಲ, ಗಾಳಿಯಲ್ಲಿ ಅಸಿಟೋನ್ ಇರುವುದಿಲ್ಲವಲ್ಲ. ಬದಲಾದದ್ದು ನೀರು ಆರುವ ವೇಗ. ಅದೇ ಉಷ್ಣತೆಯಲ್ಲಿ ಅದರ ಆವಿ ಒತ್ತಡ ಬದಲಾಗುವುದಿಲ್ಲ. ಮೂರನೆಯದಾಗಿ, ರಿಮೂವರಿನಲ್ಲಿ ನೀರು, ಎಣ್ಣೆ, ಬಣ್ಣ ಬೆರೆತಿರಬಹುದು. ಕೊನೆಗೆ ತಟ್ಟೆಯ ಮೇಲೆ ಅಂಟಂಟಾದ ಪೊರೆ ಉಳಿದರೆ ಅದು ಬೆರಕೆಯದು.

ಹಂತ 9: ಒತ್ತಡ ಮತ್ತು ಬೆರಕೆಗಳನ್ನು ಲೆಕ್ಕಕ್ಕೆ ತಂದುಕೊಳ್ಳಿ

ಪುಸ್ತಕದ ಕುದಿಯುವ ಬಿಂದುಗಳೆಲ್ಲ ಸಮುದ್ರಮಟ್ಟದ ಒತ್ತಡಕ್ಕೆ ಸಂಬಂಧಿಸಿದವು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97.5 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಪ್ರಯೋಗಾಲಯದಲ್ಲಿ ಥರ್ಮಾಮೀಟರ್ 100 ತೋರಿಸಲಿಲ್ಲವೆಂದು ಅದನ್ನು ದೂರಬೇಡಿ, ಓದಿದ ಅಂಕಿಯನ್ನೇ ಬರೆಯಿರಿ.

ಸಕ್ಕರೆ ಕಾರ್ಖಾನೆಗಳಲ್ಲಿ ಈ ತತ್ವವನ್ನೇ ಬಳಸಿಕೊಳ್ಳುತ್ತಾರೆ. 1933ರಲ್ಲಿ ಆರಂಭವಾದ ಮಂಡ್ಯದ ಮೈಷುಗರ್‌ನಂಥ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಒತ್ತಡ ಇಳಿಸಿದ ವ್ಯಾಕ್ಯೂಮ್ ಪ್ಯಾನುಗಳಲ್ಲಿ ಕುದಿಸುವುದರಿಂದ ನೀರು ಕಡಿಮೆ ಉಷ್ಣತೆಯಲ್ಲಿ ಹೊರಟುಹೋಗುತ್ತದೆ, ಸಕ್ಕರೆ ಕಂದುವುದಿಲ್ಲ. ಆಲೆಮನೆಯ ತೆರೆದ ಕೊಪ್ಪರಿಗೆಯಲ್ಲಿ ಹಾಗಲ್ಲ. ಅಲ್ಲಿ ನೀರು ಕಡಿಮೆಯಾಗಿ ಸಕ್ಕರೆಯ ಪಾಲು ಹೆಚ್ಚಿದಂತೆ, ಮೇಲ್ಮೈಯಲ್ಲಿ ನೀರಿನ ಅಣುಗಳೂ ಕಡಿಮೆ, ಇರುವವನ್ನೂ ಸಕ್ಕರೆಯ ಹಲವಾರು ಆಕ್ಸಿಜನ್–ಹೈಡ್ರೋಜನ್ ಗುಂಪುಗಳು ಹಿಡಿದುಕೊಂಡಿರುತ್ತವೆ. ಅದರಿಂದ ಕುದಿಯುವ ಉಷ್ಣತೆ ಏರುತ್ತಾ ಹೋಗಿ, ಪಾಕ ಬೆಲ್ಲದ ಹದಕ್ಕೆ ಬರುವಾಗ 118 ಡಿಗ್ರಿಯ ಹತ್ತಿರ ಮುಟ್ಟಿರುತ್ತದೆ.

ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸುವಾಗ ಇನ್ನೊಂದು ಮಿತಿ ಎದುರಾಗುತ್ತದೆ. ಎಥನಾಲ್ 78ರಲ್ಲಿ, ನೀರು 100ರಲ್ಲಿ ಕುದಿಯುವುದರಿಂದ ಮತ್ತೆ ಮತ್ತೆ ಬಟ್ಟಿ ಇಳಿಸಿದರೆ ಕೊನೆಗೆ ಶುದ್ಧ ಎಥನಾಲ್ ಸಿಗಬೇಕೆಂದು ತೋರುತ್ತದೆ. ಆದರೆ ತೂಕದಲ್ಲಿ ಶೇಕಡ 95.6ರಷ್ಟು ಎಥನಾಲ್ ಇರುವ ಬೆರಕೆಯು 78.2 ಡಿಗ್ರಿಯಲ್ಲಿ, ಎಂದರೆ ಶುದ್ಧ ಎಥನಾಲಿಗಿಂತ ತುಸು ಮೊದಲೇ, ಒಂದೇ ದ್ರವದಂತೆ ಕುದಿಯುತ್ತದೆ. ಇಂಥ ಬೆರಕೆಗೆ ಅಜಿಯೋಟ್ರೋಪ್ ಎಂದು ಹೆಸರು. ಬರೀ ಬಟ್ಟಿಯಿಂದ ಅದನ್ನು ದಾಟಲಾಗದು.

ಶ್ರೀಗಂಧದ ಎಣ್ಣೆಯ ವಿಷಯವನ್ನು ಮೈಸೂರಿನವರು ವಿಶೇಷವಾಗಿ ಕೇಳುತ್ತಾರೆ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಸರ್ಕಾರದ ವತಿಯಿಂದ ಈ ಎಣ್ಣೆಯ ಉತ್ಪಾದನೆ ಆರಂಭವಾಯಿತು. ಎಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್, ಅದರಲ್ಲಿ ಹದಿನೈದು ಇಂಗಾಲಗಳು, ಆಕ್ಸಿಜನ್–ಹೈಡ್ರೋಜನ್ ಗುಂಪು ಒಂದು, ಅಣುತೂಕ 220. ದೊಡ್ಡ ಮೈಯಿಂದ ಬರುವ ಪ್ರಸರಣ ಬಲಕ್ಕೆ ಒಂದು ಹೈಡ್ರೋಜನ್ ಬಂಧವೂ ಸೇರಿ ಅದರ ಕುದಿಯುವ ಬಿಂದು 300 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಹಾಗಿದ್ದರೂ ಗಂಧದ ಪುಡಿಯ ಮೂಲಕ ನೀರಾವಿ ಹಾಯಿಸಿದರೆ ಅದು ನೂರು ಡಿಗ್ರಿಯ ಒಳಗೇ ಹೊರಬರುತ್ತದೆ. ನೀರು ಮತ್ತು ಎಣ್ಣೆ ಒಂದರೊಳಗೊಂದು ಬೆರೆಯದಿರುವುದರಿಂದ ಎರಡರ ಆವಿ ಒತ್ತಡಗಳೂ ಕೂಡಿಕೊಳ್ಳುತ್ತವೆ, ಆ ಮೊತ್ತ ಹೊರಗಿನ ಒತ್ತಡವನ್ನು ಮುಟ್ಟಿದಾಗ ಎರಡೂ ಒಟ್ಟಿಗೆ ಬಟ್ಟಿಯಾಗುತ್ತವೆ. ಎಣ್ಣೆಯ ಪಾಲು ಬಹಳ ಸಣ್ಣದಾದ್ದರಿಂದ ಗಂಟೆಗಟ್ಟಲೆ ಆವಿ ಹಾಯಿಸಬೇಕಾಗುತ್ತದೆ. ಮಲ್ಲಿಗೆ ಜಾತಿಯ ಹೂಗಳ ಪರಿಮಳದಲ್ಲಿರುವ ಬೆಂಜೈಲ್ ಅಸಿಟೇಟ್ ಮತ್ತು ಲಿನಲೂಲ್‌ಗಳು ಸುಮಾರು 200 ಡಿಗ್ರಿಯ ಆಚೀಚೆ ಕುದಿಯುವ, ಇದಕ್ಕಿಂತ ಚಿಕ್ಕ ಅಣುಗಳು. ಮಲ್ಲಿಗೆ ಮುಡಿದವರ ಪರಿಮಳ ದೂರದಿಂದಲೇ ತಿಳಿಯುವುದಕ್ಕೂ, ಗಂಧದ ಪರಿಮಳ ಬಟ್ಟೆಯಲ್ಲಿ ದಿನಗಟ್ಟಲೆ ನಿಲ್ಲುವುದಕ್ಕೂ ಈ ಅಂತರ ಒಂದು ಮುಖ್ಯ ಕಾರಣ.

ಪ್ರಯೋಗ ಮುಗಿದ ಮೇಲೆ ಉಳಿದ ಸ್ಪಿರಿಟ್ ಮತ್ತು ರಿಮೂವರ್ ಬಾಟಲಿಗಳ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬಿಸಿಲು ತಾಗದ ಜಾಗದಲ್ಲಿ ಇಡಿ. ನೆನೆದ ಹತ್ತಿಯನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಬೆಂಕಿಯಿಲ್ಲದ ಬಯಲಿನಲ್ಲಿ ಪೂರ್ತಿ ಆರಲು ಬಿಡಿ. ಕೊಬ್ಬರಿ ಎಣ್ಣೆಯ ತಟ್ಟೆಯನ್ನು ಮಾತ್ರ ಸೋಪು ಹಾಕಿ ತೊಳೆಯಬೇಕಾಗುತ್ತದೆ.